ಟ್ರಾಕ್ಟರ್ ಎಳೆದ ಮಿಸೈಲ್ ಬೋಟು

ನಮ್ಮ ಯಜಮಾನರು ನೌಕಾಪಡೆಯಲ್ಲಿದ್ದವರು ಎಂದರೆ ಕಡೂರಿನಲ್ಲಿ ಅರ್ಧ ಜನ ನಂಬುವುದಿಲ್ಲ. ಉಳಿದರ್ಧ ಜನ "ಅಂದ್ರೆ ಮಿಲ್ಟ್ರಿ ತಾನೇ?" ಎಂದು ಕೇಳಿ ಸುಮ್ಮನಾಗುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ಮದುವೆಯಾಗಿ, ಮಕ್ಕಳ ಮದುವೆಯನ್ನೂ ಮಾಡಿ ಮುಗಿಸಿದ ನನಗೇ ಅವರು ಅಲ್ಲಿ ಏನು ಮಾಡುತ್ತಿದ್ದರೆಂದು ಸರಿಯಾಗಿ ಗೊತ್ತಿರಲಿಲ್ಲ. ನಾನು ಹಡಗು ಅಂದರೆ "ಹಡಗಲ್ಲ ಕಣೇ, ಬೋಟು" ಎಂದು ತಿದ್ದುತ್ತಿದ್ದರು. ಬೋಟು ಅಂದರೆ ನನ್ನ ಕಣ್ಣಿಗೆ ಕಟ್ಟುತ್ತಿದ್ದದ್ದು ಲಕ್ಕವಳ್ಳಿಯ ಹಿನ್ನೀರಿನಲ್ಲಿ ಬಲೆ ಬಿಡುವವರ ತೆಪ್ಪ. ಅದರ ಮೇಲೆ ನಾಲ್ಕು ಮಿಸೈಲ್ ಇಟ್ಟುಕೊಂಡು ಸಮುದ್ರದಲ್ಲಿ ಓಡಾಡುತ್ತಿದ್ದೆವು ಅಂದರೆ ಯಾವ ಹೆಂಡತಿ ತಾನೇ ನಂಬುತ್ತಾಳೆ?

ನನ್ನ ತವರು ಅಜ್ಜಂಪುರ. ಹೆಣ್ಣು ನೋಡಲು ಬಂದ ದಿನವೇ ಈ ಗೊಂದಲ ಶುರುವಾಗಿತ್ತು. ಉಪ್ಪಿಟ್ಟಿನ ತಟ್ಟೆ ಕೈಗೆ ಬರುವ ಮೊದಲೇ ನನ್ನ ಅಣ್ಣ, "ನಿಮ್ ಹಡಗು ಎಷ್ಟು ದೊಡ್ಡದು?" ಎಂದು ಕೇಳಿಬಿಟ್ಟ. ಇವರು ಪಡಸಾಲೆಯಿಂದ ಆಚೆ ನೋಡಿ, "ಇಲ್ಲಿಂದ ಆ ತೆಂಗಿನಮರ ಇದೆಯಲ್ಲ, ಹೆಚ್ಚೂಕಮ್ಮಿ ಅಲ್ಲೀವರ್ಗೂ" ಅಂದರು. ಅಣ್ಣನ ಮುಖ ಸಣ್ಣದಾಯಿತು. ಬಾವಿಯ ಕಟ್ಟೆಯ ಪಕ್ಕದಲ್ಲಿದ್ದ ಮರ ಅದು. ಸಮುದ್ರದ ಕೆಲಸ ಅಂದಮೇಲೆ ಊರಿಗೆ ಊರೇ ಹತ್ತುವಂಥ ಹಡಗು ಎಂದು ಅವನು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದ.

"ಅಷ್ಟೊಂದು ಚಿಕ್ಕದ್ರಲ್ಲಿ ಯುದ್ಧ ಹೆಂಗ್ ಮಾಡ್ತೀರಿ?" ಎಂದು ಕೇಳಿದ.

"ಜೋರಾಗಿ ಹೋಗೋದು, ದೂರದಿಂದ್ಲೇ ಹೊಡೆಯೋದು, ಅಷ್ಟೇ ಜೋರಾಗಿ ವಾಪಸ್ ಬರೋದು."

"ಹೊಡೆದು ಓಡೋದು ಅನ್ನಿ!"

ಪಡಸಾಲೆಯಲ್ಲಿದ್ದವರೆಲ್ಲ ನಕ್ಕರು. ಇವರೂ ನಕ್ಕರು. ಆವತ್ತಿನಿಂದ ನನ್ನ ಗಂಡ ಅಜ್ಜಂಪುರದಲ್ಲಿ 'ಹೊಡೆದು ಓಡೋ ಭಾವ' ಆದರು. ಗೌರಿಹಬ್ಬಕ್ಕೆ ಹೋದರೂ ಅದೇ, ನಾಮಕರಣಕ್ಕೆ ಹೋದರೂ ಅದೇ. ಊಟದ ಪಂಕ್ತಿಯಲ್ಲಿ ಎಲೆ ಮುಂದೆ ಕೂತವರಿಗೆ ಅಣ್ಣ ಪರಿಚಯ ಮಾಡಿಕೊಡುತ್ತಿದ್ದದ್ದೇ ಹಾಗೆ. ಪ್ರೀತಿಯಿಂದಲೇ ಹೇಳುತ್ತಿದ್ದ, ಅದು ನನಗೂ ಗೊತ್ತು. ಆದರೆ ವರ್ಷದಲ್ಲಿ ಬಹುಪಾಲು ಗಂಡನಿಲ್ಲದೆ ಅತ್ತೆಮನೆಯಲ್ಲಿ ದಿನ ನೂಕುತ್ತಿದ್ದವಳಿಗೆ ಆ ಮಾತು ಎಲ್ಲಿ ಚುಚ್ಚುತ್ತದೆ ಎಂದು ಅವನಿಗೆ ತಿಳಿಯುತ್ತಿರಲಿಲ್ಲ. ನಾನು ಇಲ್ಲಿ ಒಬ್ಬಳೇ ಸವೆಯುತ್ತಿದ್ದದ್ದು ಒಂದು ನಗೆಚಾಟಿಕೆಗೋಸ್ಕರವೇ ಎಂದು ಸಿಟ್ಟು ಬರುತ್ತಿತ್ತು.

ಇವರಾದರೂ ಬಾಯಿಬಿಟ್ಟು ನಾಲ್ಕು ಮಾತು ಹೇಳಿದ್ದರೆ ನಾನೂ ತಿರುಗಿಸಿ ಹೇಳುತ್ತಿದ್ದೆ. ನಮ್ಮ ಬೀದಿಯಲ್ಲಿ ಸೈನ್ಯದಿಂದ ಬಂದವರು ಬೇಕಾದಷ್ಟು ಜನ ಇದ್ದಾರೆ. ಹಿಮದಲ್ಲಿ ಕಾಲು ಮರಗಟ್ಟಿದ್ದು, ಗುಂಡು ಕಿವಿಯ ಪಕ್ಕದಲ್ಲೇ ಹೋದದ್ದು, ಎಲ್ಲ ನಮಗೆ ಬಾಯಿಪಾಠ. ಇವರು ಮುಂಬಯಿಯಿಂದ ರಜೆಗೆ ಬಂದರೆ ಮೊದಲ ಎರಡು ದಿನ ನಿದ್ದೆ. ಎದ್ದರೆ ಮನೆಯಲ್ಲಿ ಎಲ್ಲರೂ ಕಿವುಡರೇನೋ ಎನ್ನುವ ಹಾಗೆ ಕಿರುಚಿ ಮಾತಾಡುವುದು. ಸಮುದ್ರ ಹೆಂಗಿರ್ತದ್ರೀ ಎಂದು ಕೇಳಿದರೆ "ನಾನು ಕೆಳಗೆ ಎಂಜಿನ್ ಹತ್ರ ಇರ್ತೀನಿ ಕಣೇ" ಎನ್ನುತ್ತಿದ್ದರು. ಯುದ್ಧ ಗಿದ್ಧ ಅಂತ ಏನಾದ್ರೂ ಆಯ್ತಾ ಎಂದರೆ "ಎಂಜಿನ್ ಓಡ್ತಾ ಇತ್ತು" ಎನ್ನುತ್ತಿದ್ದರು. ಇಂಥವರನ್ನು ಕಟ್ಟಿಕೊಂಡು ಯಾರ ಮುಂದೆ ಏನು ಬಡಾಯಿ ಕೊಚ್ಚಲಿ?

ನಿವೃತ್ತಿಯಾಗಿ ಊರಿಗೆ ಬಂದಮೇಲೆ ಅವರಿಗಿರುವ ಕೆಲಸ ಎರಡೇ. ನಮ್ಮ ತೆಂಗಿನ ತೋಟ ನೋಡಿಕೊಳ್ಳುವುದು, ಅಕ್ಕಪಕ್ಕದವರ ಡೀಸೆಲ್ ಪಂಪ್‌ಸೆಟ್ಟು ಕೆಟ್ಟರೆ ಹೋಗಿ ಕೂರುವುದು.

ಹೀಗಿರುವಾಗ ಹೋದ ಆಗಸ್ಟಿಗೆ ಸ್ವಲ್ಪ ಮುಂಚೆ ಒಬ್ಬ ನಿವೃತ್ತ ಸುಬೇದಾರರು ನಮ್ಮ ಮನೆಗೆ ಬಂದರು. ನಮ್ಮ ಊರಿನ ಮಾಜಿ ಸೈನಿಕರಿಗೆಲ್ಲ ಅವರೇ ಮುಂದಾಳು. ಆಗಸ್ಟ್ ಹದಿನೈದರ ಮೆರವಣಿಗೆಗೆ ಪ್ರತಿ ವರ್ಷ ಅವರ ಗುಂಪು ಟ್ರಾಕ್ಟರಿಗೆ ರಟ್ಟು ಹೊದಿಸಿ ಟ್ಯಾಂಕು ಮಾಡುತ್ತಿತ್ತು. ನೋಡೀ ನೋಡೀ ಜನಕ್ಕೆ ಬೇಜಾರಾಗಿತ್ತು.

"ಈ ಸಲ ನಿಮ್ದು ಮಾಡಣ ಸಾರ್. ಮಿಸೈಲ್ ಬೋಟು. ಇಡೀ ತಾಲ್ಲೂಕಲ್ಲಿ ಅದ್ರಲ್ಲಿ ಕೆಲಸ ಮಾಡಿದೋರು ನೀವೊಬ್ರೇ," ಅಂದರು ಸುಬೇದಾರರು.

"ಬ್ಯಾಡ ಬಿಡಿ. ನೀರಿಲ್ದಿದ್ ಊರಲ್ಲಿ ಅದೆಲ್ಲ ಚೆನ್ನಾಗಿರಲ್ಲ," ಅಂದರು ಇವರು.

"ಮಾಡ್ಲಿ ಬಿಡಿ," ಎಂದು ನಾನು ಅಡಿಗೆಮನೆಯಿಂದಲೇ ಕೂಗಿದೆ. "ಅವರು ಮೇಲೆ ನಿಂತ್ಕೊಂಡು ಸೆಲ್ಯೂಟ್ ಹೊಡೀತಾರೆ. ನಾನು ಒಪ್ಪಿಸ್ತೀನಿ."

ಸುಬೇದಾರರು ಕಾಫಿ ಕುಡಿದು ಹೋದಮೇಲೆ ಇವರು ನನ್ನ ಮುಖ ನೋಡಿದರು. ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. "ಮೇಲೆ ನಿಂತ್ಕೊಂಡು ಅಭ್ಯಾಸ ಇಲ್ವಲ್ಲೇ ನಂಗೆ" ಅಂದರು, ಅಷ್ಟೇ. ಒಂದು ದಿನ ನಿಂತರೆ ಕಾಲೇನೂ ಬಿದ್ದುಹೋಗುವುದಿಲ್ಲ ಅಂದೆ.

ಅವರು ಅತ್ತ ತೋಟಕ್ಕೆ ಹೋಗುತ್ತಲೇ ಅಜ್ಜಂಪುರಕ್ಕೆ ಫೋನ್ ಹಚ್ಚಿದೆ. ಅತ್ತಿಗೆಯನ್ನೂ ಕರೆದುಕೊಂಡು ಬಾ, ನಿನ್ನ ಭಾವನ ಹಡಗು ಬರುತ್ತದೆ, ಕಣ್ಣಾರೆ ನೋಡುವೆಯಂತೆ ಎಂದು ಅಣ್ಣನಿಗೆ ಹೇಳಿದೆ.

"ಕಡೂರಿಗಾ? ಹಡಗಾ?" ಎಂದು ಅಣ್ಣ ನಕ್ಕ. "ವೇದಾವತೀಲಿ ಪಾದ ನೆನೆಯೋಷ್ಟಾದ್ರೂ ನೀರೈತೇನಮ್ಮಾ?"

"ರೋಡ್ ಮೇಲೆ ಬತ್ತದೆ. ನೀನು ಬಾ," ಎಂದು ಫೋನ್ ಇಟ್ಟೆ. ಅವನು ಬರಬೇಕು, ನನ್ನ ಗಂಡ ಎತ್ತರದಲ್ಲಿ ನಿಂತಿರಬೇಕು, ಅವನು ಕೆಳಗಿನಿಂದ ಕತ್ತೆತ್ತಿ ನೋಡಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ. ಇಷ್ಟಾದರೆ ಆ ಅಡ್ಡಹೆಸರು ತಾನಾಗಿ ಸಾಯುತ್ತದೆ ಎಂದು ನನ್ನ ಲೆಕ್ಕ.

ಒಂದು ಕೊಬ್ಬರಿ ಮಂಡಿಯ ಹಿಂದಿನ ಅಂಗಳದಲ್ಲಿ ಕೆಲಸ ಶುರುವಾಯಿತು. ಟ್ರಾಕ್ಟರಿನ ಟ್ರೈಲರ್ ತಂದು ನಿಲ್ಲಿಸಿದರು. ತರೀಕೆರೆಯಿಂದ ಅಡಿಕೆ ದಬ್ಬೆ ತರಿಸಿ ಬೋಟಿನ ಪಕ್ಕೆಲುಬು ಕಟ್ಟಿದರು. ಬೋರ್‌ವೆಲ್ ಕೊರೆಯುವವರಿಂದ ಕೇಸಿಂಗ್ ಪೈಪು ನಾಲ್ಕು ತುಂಡು ಕೇಳಿ ತಂದು ಎರಡೂ ಬದಿಗೆ ಓರೆಯಾಗಿ ಕೂರಿಸಿದರು. ಅವು ಮಿಸೈಲ್ ಇರುವ ಕೊಳವೆಗಳು. ಯಾರದೋ ಮಹಡಿಯ ಮೇಲೆ ತುಕ್ಕು ಹಿಡಿಯುತ್ತಿದ್ದ ಡಿಶ್ ಆಂಟೆನಾ ರೇಡಾರ್ ಆಯಿತು. ಅದು ಗಿರಗಿರ ತಿರುಗಲಿ ಎಂದು ಅಡಿಗೆ ಒಂದು ರುಬ್ಬುವ ಗ್ರೈಂಡರಿನ ಮೋಟರು ಕೊಟ್ಟರು. ಮೋಟರಿಗೂ ಮೈಕಿಗೂ ಕರೆಂಟು ಬೇಕಲ್ಲ, ಅದಕ್ಕೆ ಶಾಮಿಯಾನದವರ ಡೀಸೆಲ್ ಜನರೇಟರು ಒಳಗೆ ಕೂತಿತು.

ನಾನು ದಿನಾ ಫ್ಲಾಸ್ಕಿನಲ್ಲಿ ಕಾಫಿ ತೆಗೆದುಕೊಂಡು ಹೋಗುತ್ತಿದ್ದೆ. ಕಾಫಿ ಒಂದು ನೆಪ. ಈ ಬೋಟು ಅಂದರೆ ಏನು ಎಂದು ನನಗೂ ತಿಳಿಯಬೇಕಾಗಿತ್ತು. ಆದರೆ ಅಲ್ಲಿದ್ದವರಲ್ಲಿ ಒಬ್ಬರಿಗಾದರೂ ತಿಳಿದಿದ್ದರೆ ತಾನೇ! ಒಬ್ಬರು ಹಾಯಿ ಕಟ್ಟಬೇಕು ಅಂದರು. ಇನ್ನೊಬ್ಬರು ಲಂಗರು ಎದ್ದು ಕಾಣಬೇಕು, ಇಲ್ಲದಿದ್ದರೆ ಜನ ಬಸ್ಸು ಅಂದುಕೊಳ್ಳುತ್ತಾರೆ ಅಂದರು. ಸುಬೇದಾರರು ಎಲ್ಲದಕ್ಕೂ ನಮ್ಮ ಯಜಮಾನರ ಕಡೆ ತಿರುಗುತ್ತಿದ್ದರು.

"ಮುಂದಿನ ತೋಪು ಎಷ್ಟು ಎತ್ತರ ಇತ್ತು ಸಾರ್?"

"ಒಂದಾಳೆತ್ತರ ಇರ್ಬೋದೇನೋ."

"ಇರ್ಬೋದೇನೋ ಅಂದ್ರೆ? ನೀವು ನೋಡಿಲ್ವಾ?"

"ಹತ್ತುವಾಗ ಇಳಿಯುವಾಗ ಕಂಡಿದ್ದು. ಸಮುದ್ರಕ್ಕೆ ಹೋದ್ಮೇಲೆ ಎಂಜಿನ್ ರೂಮಿಗೆ ಮೇಲಿಂದ ಮುಚ್ಚಳ ಹಾಕ್ಬಿಡೋರು. ಮೇಲೇನಿತ್ತು ಅಂತ ನಾನು ಅಷ್ಟು ನೋಡ್ಲಿಲ್ಲ ಕಣ್ರೀ."

ಸುಬೇದಾರರು ನನ್ನ ಕಡೆ ನೋಡಿದರು. ನಾನು ಫ್ಲಾಸ್ಕಿನ ಕಡೆ ನೋಡಿದೆ. ಅಷ್ಟು ವರ್ಷ ಇದ್ದ ಮನೆಯ ಬಾಗಿಲು ಯಾವ ಬಣ್ಣ ಎಂದು ಗೊತ್ತಿಲ್ಲ ಅಂದರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ? ನನಗೂ ಒಂದು ಗಳಿಗೆ ಬಂತು. ಇವರು ನಿಜವಾಗಿ ಹೋಗಿದ್ದರೋ ಇಲ್ಲವೋ ಎಂದು ಅನ್ನಿಸಿದ್ದನ್ನು ಈಗ ನೆನೆದರೆ ನನ್ನ ಮೇಲೆ ನನಗೇ ನಗು ಬರುತ್ತದೆ. ತಿಂಗಳು ತಿಂಗಳು ಪೆನ್ಷನ್ ಬರುತ್ತಿರುವುದು ಎಲ್ಲಿಂದ ಮತ್ತೆ?

ಕೊನೆಗೆ ಸುಬೇದಾರರೇ ಮೊಬೈಲಿನಲ್ಲಿ ಹುಡುಕಿ ಒಂದು ಫೋಟೋ ತೆಗೆದರು. ಬೂದು ಬಣ್ಣದ, ಮೂತಿ ಚೂಪಾದ ಬೋಟು. ಎರಡೂ ಪಕ್ಕಕ್ಕೆ ಎರಡೆರಡು ದಪ್ಪ ಕೊಳವೆ. ಇವರಿಗೆ ತೋರಿಸಿದರು. ಇವರು ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ಆಮೇಲೆ ಫೋಟೋದ ನಡುವೆ, ಏನೂ ಇಲ್ಲದ ಕಡೆ, ಬೆರಳಿಟ್ಟು "ಇದೇ, ಇದೇ" ಅಂದರು. ಸದ್ಯ, ಒಂದಾದರೂ ಗೊತ್ತಾಯಿತಲ್ಲ ಎಂದು ಎಲ್ಲರಿಗೂ ಸಮಾಧಾನವಾಯಿತು.

ಫೋಟೋ ಪೇಂಟರ್ ಕೈಗೆ ಹೋಯಿತು. ಅವನು ನಮ್ಮ ಕಡೆಯ ಟ್ರೈಲರುಗಳಿಗೆಲ್ಲ ಹೂಬಳ್ಳಿ, ಎತ್ತಿನ ಮುಖ, ದೇವರ ಹೆಸರು ಬರೆಯುವವನು. ತುಂಬಾ ಶ್ರದ್ಧೆಯವನು, ಕಂಡದ್ದನ್ನು ಕಂಡ ಹಾಗೆ ಬರೆಯುತ್ತಾನೆ. ಬೋಟಿಗೆ ಬೂದು ಬಣ್ಣ ಬಳಿದ. ಪಕ್ಕೆಯ ಮೇಲಿದ್ದ ನಂಬರನ್ನು ಒಂದಂಕಿ ತಪ್ಪದೆ ಬರೆದ. ಹಿಂದುಗಡೆ ಹಾರುತ್ತಿದ್ದ ಬಾವುಟವನ್ನೂ ಬಿಡಲಿಲ್ಲ. ಎಲ್ಲ ಮುಗಿದಮೇಲೆ, ಯಾರೂ ಹೇಳದಿದ್ದರೂ, ಮೂತಿಯ ಮೇಲೆ ಕೆಂಪಕ್ಷರದಲ್ಲಿ 'ಶ್ರೀ ವೀರಭದ್ರೇಶ್ವರ ಪ್ರಸನ್ನ' ಎಂದು ಬರೆದು, ವಿಭೂತಿ ಎಳೆದು, ಒಂದು ನಿಂಬೆಹಣ್ಣು ಕಟ್ಟಿದ. ದೇವರ ಹೆಸರಿಲ್ಲದೆ ಅವನ ಕೈಯಿಂದ ಯಾವ ಗಾಡಿಯೂ ಆಚೆ ಹೋಗುವುದಿಲ್ಲ.

ಹದಿನಾಲ್ಕನೇ ತಾರೀಕು ಮಧ್ಯಾಹ್ನ ಅದನ್ನು ನೋಡಲು ಜನ ಸೇರಿದರು. ಒಬ್ಬ ಕಾಲೇಜು ಮೇಷ್ಟ್ರು ಬೋಟನ್ನು ಒಂದು ಸುತ್ತು ಹಾಕಿ ಹಿಂದೆ ನಿಂತುಬಿಟ್ಟರು.

"ಇದ್ಯಾವ ದೇಶದ ಬಾವುಟ ರೀ?"

ಎಲ್ಲರೂ ಹಿಂದಕ್ಕೆ ಬಂದರು. ಇಷ್ಟು ದಿನ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಮ್ಮದಂತೂ ಅಲ್ಲ. ಮೇಷ್ಟ್ರು ಈಜಿಪ್ಟಿನದು ಅಂದರು. ಬ್ಯಾಂಕಿನಲ್ಲಿದ್ದವರೊಬ್ಬರು ಇರಾಕಿನದು, ಖಂಡಿತ ಇರಾಕಿನದು ಅಂದರು. ಇನ್ನೊಬ್ಬರು ಮೊಬೈಲಿನಲ್ಲಿ ನೋಡುತ್ತಾ ಹೋದರು. ಅದೇ ಬೋಟು ಎಷ್ಟೋ ದೇಶಗಳ ಬಾವುಟ ಏರಿಸಿಕೊಂಡು ಒಂದಾದಮೇಲೊಂದು ಬಂತು. ಕೊನೆಗೆ ಅವರು ದನಿ ತಗ್ಗಿಸಿ, "ಪಕ್ಕದ ದೇಶದೋರ ಹತ್ರಾನೂ ಇದೇ ಥರದ್ದು ಇತ್ತಂತೆ ಕಣ್ರೀ" ಅಂದರು. ಸುಬೇದಾರರ ಮುಖ ಕೆಂಪಗಾಯಿತು. ಪೇಂಟರನ್ನು ಹಿಡಿದು ಕೇಳಿದರೆ ಅವನು, "ಫೋಟೋದಾಗೆ ಬಾವುಟ ಮಬ್ಬಾಗಿತ್ತು ಸಾರ್. ಬಣ್ಣ ನಾನೇ ತುಂಬ್ದೆ, ಚೆನ್ನಾಗಿ ಕಾಣ್ಲಿ ಅಂತ" ಅಂದ. ಅಲ್ಲಿಗೆ ಅದು ಯಾವ ದೇಶದ್ದೂ ಅಲ್ಲವೆಂದಾಯಿತು. ಹಾಗೆಂದು ಯಾರಿಗೂ ಸಮಾಧಾನವೂ ಆಗಲಿಲ್ಲ.

"ಸ್ವಾತಂತ್ರ್ಯದ ದಿನ ಶತ್ರು ಬೋಟು ಎಳ್ಕೊಂಡ್ ಹೋದ್ರೆ ನಾಳೆ ನಾನು ಊರಲ್ಲಿ ತಲೆ ಎತ್ಕೊಂಡು ಓಡಾಡೋದು ಹೆಂಗೆ?" ಎಂದು ಸುಬೇದಾರರು ನಮ್ಮ ಯಜಮಾನರ ಮುಂದೆ ಬಂದು ನಿಂತರು. "ನೀವೇ ನೋಡಿ ಇದೇ ಅಂದಿದ್ದು. ಈಗ ಹೇಳ್ಬಿಡಿ ಸಾರ್, ಫೋಟೋದಲ್ಲಿರೋದು ನಮ್ದಾ, ಅವರ್ದಾ?"

"ಎರಡೂ ಒಂದೇ," ಅಂದರು ಇವರು.

"ಒಂದೇ ಅಂದ್ರೆ?"

"ಮಾಡಿದೋರು ಒಬ್ರು, ಕೊಂಡೋರು ಬೇಕಾದಷ್ಟು ಜನ. ಕೆಲವರು ನೋಡಿ ನಕಲು ಮಾಡ್ಕೊಂಡ್ರು. ಒಂದೇ ಕಂಪನಿ ಪಂಪ್‌ಸೆಟ್ಟು ನಮ್ ತೋಟದಲ್ಲೂ ಇರ್ತದೆ, ಪಕ್ಕದ ತೋಟದಲ್ಲೂ ಇರ್ತದೆ. ಹಂಗೇ."

"ಪಕ್ಕದ ತೋಟದೋನ ಜೊತೆ ಬದು ಜಗಳ ಇದ್ರೆ?"

"ಆಗ್ಲೂ ಪಂಪ್‌ಸೆಟ್ಟು ಅದೇ ಅಲ್ವಾ?"

ಇವರು ಹೇಳಿದ್ದು ಸರಿಯೋ ತಪ್ಪೋ ಎಂದು ಮೇಷ್ಟ್ರಿಗೂ ತಿಳಿಯಲಿಲ್ಲ. ನನಗೆ ಮಾತ್ರ ಅವಮಾನವಾದಂತಾಯಿತು. ನಮ್ಮದೇ ಅಂತ ಒಂದು ಮಾತು ಗಟ್ಟಿಯಾಗಿ ಹೇಳಿಬಿಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು? ನಾಳೆ ಅಣ್ಣ ಬರುತ್ತಾನೆ. ಬಂದವನ ಕಿವಿಗೆ ಇದು ಬಿದ್ದರೆ ಹೊಸದೊಂದು ಹೆಸರು ಹುಟ್ಟುತ್ತದೆ.

ಕೊನೆಗೆ ಬಾವುಟದ ಮೇಲೆ ಬೂದು ಬಣ್ಣ ಬಳಿದು, ಆ ಜಾಗಕ್ಕೆ ಬಟ್ಟೆಯ ತ್ರಿವರ್ಣ ಧ್ವಜ ಕಟ್ಟುವುದೆಂದಾಯಿತು. ನಂಬರನ್ನೂ ಅಳಿಸಿದರು. "ನಿಮ್ ಬೋಟಿನ ನಂಬರ್ ಹೇಳಿ ಸಾರ್, ಬರೀತೀನಿ" ಎಂದು ಪೇಂಟರು ಬ್ರಷ್ ಹಿಡಿದು ನಿಂತ. ಇವರು ಬೇಡ, ಹಾಗೇ ಇರಲಿ ಅಂದರು. ನಂಬರಿಲ್ಲದ ಗಾಡಿಯನ್ನು ರೋಡಿಗೆ ಬಿಡುವುದೆಂದರೆ ಪೇಂಟರಿಗೆ ಆಗದ ಮಾತು. ನಾವೆಲ್ಲ ಮನೆಗೆ ಹೋದಮೇಲೆ ಅವನು ಟ್ರಾಕ್ಟರಿನ ನಂಬರನ್ನೇ ಬೋಟಿನ ಎರಡೂ ಪಕ್ಕೆಗೆ ದಪ್ಪಕ್ಷರದಲ್ಲಿ ಬರೆದಿದ್ದ. ಬೆಳಿಗ್ಗೆ ನೋಡಿದ ಸುಬೇದಾರರು ತಲೆ ಮೇಲೆ ಕೈ ಇಟ್ಟುಕೊಂಡರು. ಅಳಿಸಿ ಬರೆಸಲು ಹೊತ್ತಿರಲಿಲ್ಲ.

ಅಣ್ಣ ಅತ್ತಿಗೆ ಬೆಳಗಿನ ರೈಲಿಗೇ ಬಂದರು. ಇವರು ಬಿಳಿ ಅಂಗಿ, ಬಿಳಿ ಪ್ಯಾಂಟು ಹಾಕಿ, ಪದಕ ಸಿಕ್ಕಿಸಿಕೊಂಡು ಹೊರಟಾಗ ಅಣ್ಣ ಬಾಗಿಲಲ್ಲೇ ನಿಂತು ನೋಡಿದ. "ಭಾವನೋರು ಮದುಮಗ ಆಗ್ಬಿಟ್ಟವ್ರೆ" ಅಂದ. ಮಂಡಿಯ ಅಂಗಳದಲ್ಲಿ ಇವರು ಏಣಿ ಹತ್ತಿ ಬೋಟಿನ ಮೇಲೆ, ಕೇಸಿಂಗ್ ಪೈಪುಗಳ ನಡುವೆ ನಿಂತದ್ದನ್ನು ಕಣ್ತುಂಬ ನೋಡಿಕೊಂಡೆ. ಗಾಳಿಗೆ ಅವರ ನೆರೆತ ಕೂದಲು ಹಾರುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಅಳು ಬಂತು. ಆಮೇಲೆ ನಾವು ಮೂವರೂ ದೊಡ್ಡ ರಸ್ತೆಗೆ ಬಂದು, ಬಟ್ಟೆ ಅಂಗಡಿಯೊಂದರ ಮೆಟ್ಟಿಲ ಮೇಲೆ ಜಾಗ ಹಿಡಿದೆವು.

ಮೊದಲು ಶಾಲಾ ಮಕ್ಕಳ ಬ್ಯಾಂಡು ಬಂತು. ಆಮೇಲೆ ಆರೋಗ್ಯ ಇಲಾಖೆಯವರದೇನೋ ಬಂತು. ಅದರ ಹಿಂದೆ ನಮ್ಮ ಬೋಟು. ತಿರುವಿನಲ್ಲಿ ಅದರ ಮೂತಿ ಕಂಡದ್ದೇ ತಡ, ಜನ ಹೋ ಎಂದರು. ನಿಜಕ್ಕೂ ಚೆನ್ನಾಗಿ ಕಾಣುತ್ತಿತ್ತು. ರೇಡಾರು ತಿರುಗುತ್ತಿತ್ತು, ಮೈಕಿನಲ್ಲಿ ದೇಶಭಕ್ತಿ ಹಾಡು. ಮೇಲೆ ಸುಬೇದಾರರು ನಿಂತಿದ್ದರು. ಇನ್ನಿಬ್ಬರು ಮಾಜಿ ಸೈನಿಕರು ನಿಂತಿದ್ದರು. ನಮ್ಮ ಯಜಮಾನರಿರಲಿಲ್ಲ.

ಅತ್ತ ಬದಿಯಲ್ಲಿರಬೇಕು ಅಂದುಕೊಂಡೆ. ಬೋಟು ನಮ್ಮೆದುರಿಗೇ ಬಂತು, ದಾಟಿತು. ಎಲ್ಲಿಯೂ ಇಲ್ಲ.

"ಎಲ್ಲಮ್ಮಾ ಭಾವನೋರು?" ಎಂದು ಅಣ್ಣ ಕೇಳಿದ. ನಾನು ದಾಟಿಹೋದ ಬೋಟಿನ ಕಡೆಗೇ ಕತ್ತು ಚಾಚಿದೆ. ಅವನು ಸ್ವಲ್ಪ ಹೊತ್ತು ತಡೆದ, ಆದರೆ ಅವನ ನಾಲಿಗೆ ತಡೆಯಲಿಲ್ಲ. "ಹೊಡೆಯೋದಕ್ ಮುಂಚೇನೇ ಓಡ್ಬಿಟ್ರಾ?"

ಅತ್ತಿಗೆ ಅವನ ಕೈ ಚಿವುಟಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಅಣ್ಣನ ಮೇಲಲ್ಲ, ಇವರ ಮೇಲೆ. ಮೆಟ್ಟಿಲಿಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಜನರ ನಡುವೆ ನುಗ್ಗಿ ಬೋಟಿನ ಪಕ್ಕದಲ್ಲೇ ನಡೆದೆ. "ಎಲ್ಲವ್ರೆ?" ಎಂದು ಸುಬೇದಾರರಿಗೆ ಕೂಗಿದೆ. ಹಾಡಿನ ಅಬ್ಬರದಲ್ಲಿ ಅವರಿಗೆ ಕೇಳಿಸಲಿಲ್ಲ. ನನ್ನ ಮುಖ ನೋಡಿ ಅರ್ಥವಾಗಿರಬೇಕು, ಬಗ್ಗಿ ಕೆಳಗೆ ಕೈ ತೋರಿಸಿದರು. ಕೆಳಗೆ ಅಂದರೆ? ಬಿದ್ದುಬಿಟ್ಟರೇ?

ಮುಂದೆ ಮಕ್ಕಳು ವೇದಿಕೆಗೆ ವಂದನೆ ಸಲ್ಲಿಸುತ್ತಿದ್ದರು, ಹಾಗಾಗಿ ಟ್ರಾಕ್ಟರ್ ನಿಂತಿತು. ನಾನು ಹಿಂದಕ್ಕೆ ಹೋಗಿ, ಬೂದು ಬಣ್ಣ ಬಳಿದ ಹೊದಿಕೆಯ ಒಂದು ಮೂಲೆ ಎತ್ತಿದೆ.

ಒಳಗೆ ಕತ್ತಲೆ, ಡೀಸೆಲ್ ವಾಸನೆ, ಕಿವಿ ಕಿತ್ತುಹೋಗುವ ಸದ್ದು. ಜನರೇಟರಿನ ಪಕ್ಕದಲ್ಲಿ ಒಂದು ಮಗುಚಿದ ಬಕೆಟ್ಟಿನ ಮೇಲೆ ನನ್ನ ಗಂಡ ಕೂತಿದ್ದರು. ಬಿಳಿ ಅಂಗಿಯ ತೋಳು ಮಡಿಸಿದ್ದರು. ಒಂದು ಕೈ ಜನರೇಟರಿನ ಮೈ ಮೇಲಿತ್ತು, ದನದ ಮೈ ಮೇಲೆ ಇಟ್ಟಂತೆ. ಬೋಟಿಗೆ ಹೊದಿಸಿದ್ದು ಊರಿನ ಹಳೆಯ ಫ್ಲೆಕ್ಸುಗಳನ್ನು. ಬಣ್ಣ ಹೊರಗಡೆಗೆ ಮಾತ್ರ. ಒಳಗಡೆಯಿಂದ ಹುಟ್ಟುಹಬ್ಬದ ಶುಭಾಶಯ ಹೊತ್ತ ಮುಖಂಡರು ಸುತ್ತಲೂ ಕೈಮುಗಿದು ನಗುತ್ತಿದ್ದರು.

"ಏನ್ರೀ ಇದು? ಜನ ಎಲ್ಲ ಮೇಲೆ ನೋಡ್ತಾವ್ರೆ, ನೀವಿಲ್ಲಿ ಕೂತೀರಾ?"

"ಜನರೇಟರ್ ಕೆಮ್ತಾ ಇತ್ತು ಕಣೇ."

"ಅದುಕ್ಕೆ ಅಂತ ಶಾಮಿಯಾನದೋರು ಒಬ್ಬನ್ನ ಕಳ್ಸಿದ್ರಲ್ಲ?"

"ಅವ್ನನ್ನ ನಾನೇ ಕಳಿಸ್ದೆ."

ಅಷ್ಟರಲ್ಲಿ ಟ್ರಾಕ್ಟರ್ ಜಗ್ಗಿತು. ನಾನು ಒಂದು ಕಾಲು ಟ್ರೈಲರ್ ಮೇಲೆ ಇಟ್ಟಿದ್ದೆ, ಇನ್ನೊಂದು ರಸ್ತೆಯ ಮೇಲೆ. ಇವರು ಕೈ ಹಿಡಿದು ಒಳಕ್ಕೆ ಎಳೆದುಕೊಂಡರು. ಹೊದಿಕೆ ಮುಚ್ಚಿಕೊಂಡಿತು. ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ನಾನು ಅವರ ಬೋಟಿನೊಳಗೆ ಇದ್ದೆ. ಬೈಯಬೇಕೆಂದು ಬಂದವಳಿಗೆ ಎಲ್ಲಿಂದ ಶುರುಮಾಡಬೇಕೆಂದು ತೋಚಲಿಲ್ಲ.

"ಯಾಕ್ರೀ ಹಿಂಗ್ ಮಾಡಿದ್ರಿ?" ಎಂದು ಅವರ ಕಿವಿಗೆ ಕೂಗಿದೆ. "ಅಣ್ಣ ನಗ್ತಾವ್ನೆ."

ಅವರು ನನ್ನ ಕಿವಿಯ ಹತ್ತಿರ ಬಗ್ಗಿದರು. "ಮೇಲೆ ನಿಂತ್ರೆ ಇದು ಯಾವ ಬೋಟು ಅಂತ್ಲೇ ಗೊತ್ತಾಗ್ಲಿಲ್ಲ ಕಣೇ. ನಿನ್ನೆ ಅವರೆಲ್ಲ ನಮ್ದಾ ಅವರ್ದಾ ಅಂತ ಕೇಳಿದ್ರಲ್ಲ. ನಂಗೆ ಅವತ್ತೂ ಗೊತ್ತಾಗಿರ್ಲಿಲ್ಲ."

"ಯಾವತ್ತು?"

ಅವರು ಜನರೇಟರಿನ ಮೇಲಿಂದ ಕೈ ತೆಗೆಯದೆ ಹೇಳಿದರು. ಸದ್ದಿನಲ್ಲಿ ಅರ್ಧ ಕೇಳಿಸುತ್ತಿತ್ತು, ಅರ್ಧ ಇಲ್ಲ. ಕೇಳಿಸಿದ್ದನ್ನು ನಾನು ಜೋಡಿಸಿಕೊಂಡೆ. ಎರಡು ದೇಶಗಳ ನಡುವೆ ಮಾತು ಬಿಗಿಯಾಗಿದ್ದ ದಿನಗಳಂತೆ. ಇವರ ಬೋಟು ಗಡಿಯ ಕಡೆಗೆ ಹೋಗಿತ್ತಂತೆ. ಮುಚ್ಚಳ ಹಾಕಿದ್ದರು. ಇವರು ಕೆಳಗೆ, ಕಿವಿಗೆ ಹತ್ತಿ ತುರುಕಿಕೊಂಡು, ಎಂಜಿನ್ನಿನ ಮುಂದೆ. ಇದ್ದಕ್ಕಿದ್ದಂತೆ ಪೂರ್ತಿ ವೇಗ ಕೊಡಿ ಎಂದು ಮೇಲಿನಿಂದ ಗಂಟೆ ಬಂತು. ಕೊಟ್ಟರು. ಆಮೇಲೆ ಯಾರೋ ಒಬ್ಬ ಮುಚ್ಚಳ ತೆಗೆದು ತಲೆ ಇಳಿಬಿಟ್ಟು, ಎದುರಿಗೆ ಅವರ ಬೋಟು ಬಂದಿದೆ, ನಮ್ಮದೇ ಥರದ್ದು ಎಂದು ಕೂಗಿ, ಮತ್ತೆ ಮುಚ್ಚಿಕೊಂಡು ಹೋದ.

"ನಮ್ದೇ ಥರದ್ದು ಅಂದ್ನಲ್ಲ," ಅಂದರು ಇವರು. "ಆಗ ನಾನು ನಿಂತಿದ್ ಜಾಗ ನೋಡ್ದೆ ಕಣೇ. ಇಲ್ಲಿ ಈ ಗೇಜು, ಇಲ್ಲಿ ಈ ಪೈಪು. ತಲೆ ಎತ್ತಿದ್ರೆ ಬಡಿಯೋದು ಇದೇ ಕಬ್ಬಿಣ. ಅಲ್ಲೂ ಒಬ್ಬ ಇಂಥದೇ ಜಾಗದಲ್ಲಿ, ಹಿಂಗೇ ನಿಂತಿರ್ತಾನೆ. ಅವ್ನಿಗೂ ಮೇಲಿಂದ ಗಂಟೆ ಬಂದಿರ್ತದೆ. ನಮ್ ಮಿಸೈಲು ಎಲ್ಲಿಗೆ ಹೋಗಿ ಬೀಳ್ತದೆ ಗೊತ್ತಾ? ಬೋಟಿನ ನಡೂಮಧ್ಯಕ್ಕೆ. ನಡೂಮಧ್ಯ ಅಂದ್ರೆ ನಾನು ನಿಂತಿರೋ ಜಾಗ."

ಅವರ ಹಣೆಯ ಮೇಲೆ ಬೆವರು ಹರಿಯುತ್ತಿತ್ತು. ಇಷ್ಟು ವರ್ಷ ಇವರು ಏನನ್ನೂ ನೋಡಲಿಲ್ಲ, ಅದಕ್ಕೇ ಹೇಳಲು ಏನೂ ಇಲ್ಲ ಅಂದುಕೊಂಡಿದ್ದೆ. ಇದನ್ನು ಬೀದಿಯಲ್ಲಿ ಯಾರಿಗೆ ಹೇಳಬಹುದಾಗಿತ್ತು? ಪಂಕ್ತಿಯಲ್ಲಿ ಕೂತು ನನ್ನ ಅಣ್ಣನಿಗೆ ಹೇಳುತ್ತಿದ್ದರೇ? ಕೇಳಿದವರು ನೀನು ಯಾರ ಕಡೆ ಇದ್ದೆ ಎಂದು ಕೇಳುತ್ತಿದ್ದರು. ನನಗೂ ಆ ಪ್ರಶ್ನೆ ಬಾಯಿಗೆ ಬಂತು, ನುಂಗಿಕೊಂಡೆ. ಇವರು ಮಾಡಬೇಕಾದ ಕೆಲಸ ಮಾಡಿದ್ದರು, ಎಂಜಿನ್ನು ನಿಲ್ಲಿಸಿರಲಿಲ್ಲ. ಹಾಗಿದ್ದರೆ ಈ ಬೆವರು ಯಾತಕ್ಕೆ? ನನಗೆ ತಿಳಿಯಲಿಲ್ಲ. ಈಗಲೂ ಪೂರ್ತಿ ತಿಳಿದಿದೆ ಎಂದು ಹೇಳಲಾರೆ.

"ಆಮೇಲೇನಾಯ್ತು?" ಎಂದು ಕೇಳಿದೆ.

ಅವರು ಬಾಯಿ ತೆಗೆಯುವಷ್ಟರಲ್ಲಿ ಮೈಕಿನ ಹಾಡು ನಿಂತು, ವೇದಿಕೆಯಿಂದ ಯಾರೋ ಮಾತಾಡಲು ಶುರುಮಾಡಿದರು. ನಮ್ಮ ತಾಲ್ಲೂಕಿನ ಹೆಮ್ಮೆ, ಕ್ಷಿಪಣಿ ದೋಣಿಯಲ್ಲಿ ದೇಶ ಕಾಯ್ದ ವೀರಯೋಧರು ಈಗ ನಮ್ಮ ಮುಂದೆ ಬರುತ್ತಿದ್ದಾರೆ, ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಬೇಕು ಎಂದರು. ಟ್ರಾಕ್ಟರ್ ನಿಧಾನವಾಯಿತು. ಮೇಲಿನ ಹಲಗೆಯನ್ನು ಸುಬೇದಾರರು ಬೂಟುಗಾಲಿನಿಂದ ಕುಟ್ಟಿದರು, "ಬನ್ನಿ ಸಾರ್, ಈಗ್ಲಾದ್ರೂ ಬನ್ನಿ" ಎಂದು ಕೂಗಿದರು.

ಇವರು ನನ್ನನ್ನೇ ನೋಡಿದರು. "ಹೋಗ್ಲಾ? ನೀನು ಹೋಗು ಅಂದ್ರೆ ಹೋಗ್ತೀನಿ."

ಹಲಗೆಯ ಸಂದಿಯಿಂದ ಬೆಳಕು ಬೀಳುತ್ತಿತ್ತು. ಮೇಲೆ ಹೋಗಲು ಎರಡು ಹೆಜ್ಜೆ ಸಾಕು. ಅಣ್ಣ ಜನರ ಜೊತೆ ಇಲ್ಲಿಯವರೆಗೂ ಬಂದಿರುತ್ತಾನೆ, ಕತ್ತೆತ್ತಿಕೊಂಡೇ ಇರುತ್ತಾನೆ. ನಾನು ಯಾವುದಕ್ಕೆ ಇಷ್ಟು ದಿನ ಹಟ ಮಾಡಿದ್ದೆನೋ ಅದು ಒಂದು ಮಾತಿನ ದೂರದಲ್ಲಿತ್ತು. ಇವರು ಆಗಲೇ ಮಡಿಸಿದ ತೋಳು ಬಿಚ್ಚಿ ಗುಂಡಿ ಹಾಕಿಕೊಳ್ಳುತ್ತಿದ್ದರು. ಎರಡು ಸಲ ಹಾಕಿದರೂ ಗುಂಡಿ ಕಾಜಕ್ಕೆ ಸೇರಲಿಲ್ಲ.

"ಬ್ಯಾಡ, ಕೂತ್ಕಳಿ," ಅಂದೆ.

ಅವರು ಕೂತರು. ಬಕೆಟ್ಟಿನ ಮೇಲೆ ಸ್ವಲ್ಪ ಸರಿದು ನನಗೂ ಜಾಗ ಬಿಟ್ಟರು. ಹೊರಗೆ ಚಪ್ಪಾಳೆ ಬಿತ್ತು. ಮೇಲೆ ನಿಂತವರು ಸೆಲ್ಯೂಟ್ ಹೊಡೆದಿರಬೇಕು. ವೇದಿಕೆ ದಾಟಿತು ಎಂದು ಕಾಣುತ್ತದೆ, ಸದ್ದು ಹಿಂದಕ್ಕೆ ಹೋಯಿತು. ನಾನು ಆಗ ಅವರ ಕಿವಿಗೆ ಬಾಯಿಟ್ಟು ಕೇಳಿದೆ, "ಆ ಬೋಟಿನ ಕೆಳಗಿದ್ದ ಇನ್ನೊಬ್ಬನಿಗೆ ಈಗ ಎಷ್ಟು ವಯಸ್ಸಾಗಿರ್ಬೋದ್ರೀ?"

"ನನ್ನಷ್ಟೇ ಆಗಿರ್ತದೆ ಕಣೇ," ಅಂದರು. "ನಾವು ಹೊಡೀಲಿಲ್ವಲ್ಲ."